ಯುವಿ ಲ್ಯಾಂಪಲ್ಲಿ ಕ್ರಿಮಿ ಸಾಯಿಸುವಾಗ ಬರೋ ಓಝೋನ್ ಕಡಿಮೆ ಮಾಡೋದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಾವು ನಾಲ್ಕು ಜನ ಸೇರಿ ಸಣ್ಣದೊಂದು ವರ್ಕ್‌ಶಾಪ್ ನಡೆಸ್ತೀವಿ. ಮುಖಕ್ಕೆ ಹಾಕೋ ಶೀಲ್ಡು, ಸೇಫ್ಟಿ ಕನ್ನಡಕ, ಕಿವಿಗೆ ಹಾಕೋ ಇಯರ್‌ಮಫ್ಫು ಇವನ್ನೆಲ್ಲ ಒಬ್ಬರು ಬಿಟ್ಟ ಮೇಲೆ ಇನ್ನೊಬ್ಬರು ಹಾಕ್ಕೋತೀವಿ, ಅದಕ್ಕೇ ಅಂತ ಒಂದು ಸ್ಟೀಲ್ ಪೆಟ್ಟಿಗೆ ಮಾಡಿಸಿ ಒಳಗೆ ಎರಡು ಯುವಿ ಟ್ಯೂಬ್ ಕೂರಿಸಿದೀವಿ. ಬಾಗಿಲು ತೆಗೆದ್ರೆ ಟ್ಯೂಬ್ ತಾನಾಗೇ ಆಫ್ ಆಗೋ ಸ್ವಿಚ್ಚೂ ಇದೆ, ಹಾಗಾಗಿ ಕಣ್ಣಿಗೆ ಚರ್ಮಕ್ಕೆ ಬೀಳೋ ಭಯ ಇಲ್ಲ. ಒಂದು ಸಲಕ್ಕೆ ಅರ್ಧ ಗಂಟೆ ಓಡಿಸ್ತೀವಿ.

ಸಮಸ್ಯೆ ಏನಂದ್ರೆ ಬಾಗಿಲು ತೆಗೆದ ತಕ್ಷಣ ಮೂಗಿಗೆ ಹೊಡೆಯೋ ಒಂಥರಾ ಚುರುಕು ವಾಸನೆ, ಜೆರಾಕ್ಸ್ ಅಂಗಡೀಲಿ ಹಳೇ ಮಷೀನ್ ಪಕ್ಕ ನಿಂತ್ರೆ ಬರತ್ತಲ್ಲ ಆ ಥರ, ಆದ್ರೆ ಅದಕ್ಕಿಂತ ಜೋರು. ಎರಡು ಮೂರು ಸಲ ತೆಗೆದು ಹಾಕಿದ್ರೆ ಗಂಟಲು ಕೆರೆಯೋಕೆ ಶುರು. ನಮ್ಮಲ್ಲೊಬ್ಬರಿಗೆ ಆಸ್ತಮಾ ಇದೆ, ಅವರು ಆ ಕಡೆ ಹೋಗೋದೇ ಬಿಟ್ಟಿದಾರೆ, ಶೀಲ್ಡು ಬೇಕಾದ್ರೆ ಬೇರೆಯವರ ಹತ್ರ ತರಿಸ್ಕೋತಾರೆ, ನೋಡೋಕೆ ಬೇಜಾರಾಗತ್ತೆ. ಅವರ ಒಳ್ಳೇದಕ್ಕೆ ಅಂತಾನೇ ಮಾಡಿದ ಪೆಟ್ಟಿಗೆ ಅದು.

ಟ್ಯೂಬ್ ಮಾರಿದವರನ್ನ ಕೇಳಿದ್ರೆ "ವಾಸನೆ ಬಂತು ಅಂದ್ರೆ ಕ್ರಿಮಿ ಸತ್ತಿದೆ ಅಂತ ಅರ್ಥ, ಚಿಂತೆ ಮಾಡ್ಬೇಡಿ" ಅಂದ್ರು. ಇನ್ನೊಂದು ವಿಷ್ಯ, ಬಾಗಿಲಿನ ಸುತ್ತ ಹಾಕಿರೋ ರಬ್ಬರ್ ಪಟ್ಟಿ ಮೂರೇ ತಿಂಗಳಿಗೆ ಬಿರುಕು ಬಿಟ್ಟಿದೆ. ನೇರ ಇರೋ ಕಡೆ ಚೆನ್ನಾಗೇ ಇದೆ, ಮೂಲೇಲಿ ಬಗ್ಗಿಸಿ ಅಂಟಿಸಿದ ಜಾಗದಲ್ಲಿ ಮಾತ್ರ ಅಡ್ಡಡ್ಡ ಸೀಳು, ಬ್ಲೇಡಲ್ಲಿ ಗೀರಿದ ಹಾಗೆ. ಅಲ್ಲಿಗೆ ಬೆಳಕು ಬೀಳೋದೇ ಇಲ್ಲ.

ಇದು ಓಝೋನೇನಾ? ಹೌದಾದ್ರೆ ಕ್ರಿಮಿ ಸಾಯೋ ಶಕ್ತಿ ಕಮ್ಮಿ ಆಗದೆ ಓಝೋನ್ ಮಾತ್ರ ಕಮ್ಮಿ ಮಾಡೋಕೆ ದಾರಿ ಇದ್ಯಾ? ಫ್ಯಾನ್ ಹಾಕಿದ್ರೆ ಸಾಕಾ?

ಉತ್ತರ 1

ಸರ್, ಆ ರಬ್ಬರ್ ಪಟ್ಟಿ ವಿಷ್ಯ ಓದಿದ ಕೂಡ್ಲೇ ಅರ್ಧ ಉತ್ತರ ಸಿಕ್ತು. ಯುವಿ ಬೆಳಕಿಂದ ರಬ್ಬರ್ ಹಾಳಾದ್ರೆ ಬೆಳಕು ಬಿದ್ದ ಮೈಯೆಲ್ಲ ಬಣ್ಣ ಕೆಟ್ಟು ಪುಡಿಪುಡಿ ಆಗತ್ತೆ. ಬಗ್ಗಿಸಿದ ಅಥವಾ ಎಳೆದು ಕೂರಿಸಿದ ಕಡೆ ಮಾತ್ರ, ಎಳೆತಕ್ಕೆ ಅಡ್ಡವಾಗಿ ಸೀಳು ಬಂದಿದೆ, ಅದೂ ಬೆಳಕು ಬೀಳದ ಜಾಗದಲ್ಲಿ, ಅಂದ್ರೆ ಅದು ಓಝೋನ್ ಕೆಲಸ. ಮಾಮೂಲಿ ರಬ್ಬರ್ ಒಳಗೆ ಇರೋ ಕಾರ್ಬನ್ ಜೋಡಿ ಬಂಧಗಳನ್ನ ಓಝೋನ್ ಕತ್ತರಿಸಿ ಹಾಕತ್ತೆ, ಎಳೆತ ಇರೋ ಕಡೆ ಆ ಗಾಯ ತೆರ್ಕೊಳ್ಳತ್ತೆ. ನಿಮ್ಮ ಶ್ವಾಸಕೋಶದ ಒಳಪೊರೆ ಮೇಲೂ ಅದು ಇದೇ ಥರ ಉರಿ ಎಬ್ಬಿಸೋದು, ಹಾಗಾಗಿ ಆಸ್ತಮಾ ಇರೋರು ದೂರ ಇರೋದು ಸರಿಯಾಗೇ ಇದೆ, ಸದ್ಯಕ್ಕೆ ದಯವಿಟ್ಟು ಹಾಗೇ ಇರಲಿ.

ಈಗ ಮುಖ್ಯ ವಿಷ್ಯ. ಫ್ಯಾನು ಗೀನು ಎಲ್ಲ ಆಮೇಲೆ, ಮೊದಲು ಟ್ಯೂಬಿನ ಗಾಜು ಯಾವುದು ಅಂತ ನೋಡಿ.

ಕಾರಣ ಹೇಳ್ತೀನಿ. ಕ್ರಿಮಿ ಸಾಯಿಸೋ ಮಾಮೂಲಿ ಟ್ಯೂಬ್ ಅಂದ್ರೆ ಲೋ ಪ್ರೆಶರ್ ಮರ್ಕ್ಯುರಿ ಲ್ಯಾಂಪು. ಒಳಗಿನ ಪಾದರಸದ ಆವಿ ಯುವಿಯಲ್ಲಿ ಮುಖ್ಯವಾಗಿ ಎರಡು ಬೆಳಕು ಕೊಡತ್ತೆ, ಒಂದು 254 ನ್ಯಾನೋಮೀಟರು ತರಂಗಾಂತರದ್ದು (ಸರಿಯಾಗಿ ಹೇಳ್ಬೇಕಂದ್ರೆ 253.7), ಇನ್ನೊಂದು 185. ದೊಡ್ಡ ಪಾಲು 254, ಸಣ್ಣ ಪಾಲು 185. ಕ್ರಿಮಿ ಕೊಲ್ಲೋದು 254, ಯಾಕಂದ್ರೆ ಡಿಎನ್ಎ ಚೆನ್ನಾಗಿ ಹೀರಿಕೊಳ್ಳೋದು 260ರ ಆಸುಪಾಸಿನ ಬೆಳಕನ್ನ. ಓಝೋನ್ ಹುಟ್ಟಿಸೋದು 185. ಗಾಳೀಲಿರೋ ಆಕ್ಸಿಜನ್ ಅಣು ಅಂದ್ರೆ ಎರಡು ಪರಮಾಣು ಗಟ್ಟಿಯಾಗಿ ಕೈ ಹಿಡ್ಕೊಂಡಿರೋದು, ಆ ಕೈ ಬಿಡಿಸೋಕೆ ಮೋಲ್‌ಗೆ ಸುಮಾರು 498 ಕಿಲೋಜೂಲ್ ಬೇಕು, ಆ ಲೆಕ್ಕಕ್ಕೆ ಬೆಳಕಿನ ತರಂಗಾಂತರ ಸುಮಾರು 240ಕ್ಕಿಂತ ಚಿಕ್ಕದಿರ್ಬೇಕು. 185ರ ಬೆಳಕಲ್ಲಿ ಸುಮಾರು 647 ಇದೆ, ಸಲೀಸಾಗಿ ಒಡೆಯತ್ತೆ. 254ರಲ್ಲಿ ಇರೋದು 471, ಸಾಲಲ್ಲ. ಒಡೆದ ಒಂಟಿ ಆಕ್ಸಿಜನ್ ಪಕ್ಕದಲ್ಲಿರೋ ಇನ್ನೊಂದು ಪೂರ್ತಿ ಅಣುವಿಗೆ ಹೋಗಿ ಅಂಟ್ಕೊಂಡ್ರೆ ಮೂರು ಪರಮಾಣು ಆಯ್ತು, ಅದೇ ಓಝೋನು.

ಅಂದ್ಮೇಲೆ ಕೊಲ್ಲೋ ಬೆಳಕೇ ಬೇರೆ, ಓಝೋನ್ ಮಾಡೋ ಬೆಳಕೇ ಬೇರೆ. ಇದು ನಮ್ಮ ಪುಣ್ಯ ಅನ್ನಿ, ಒಂದನ್ನ ಇಟ್ಕೊಂಡು ಇನ್ನೊಂದನ್ನ ತಡೀಬಹುದು. ತಡೆಯೋದು ಗಾಜು. ಶುದ್ಧ ಕ್ವಾರ್ಟ್ಜ್ ಟ್ಯೂಬ್ ಆದ್ರೆ ಎರಡೂ ಹೊರಗೆ ಬರತ್ತೆ. ಅದೇ ಕ್ವಾರ್ಟ್ಜ್‌ಗೆ ಚೂರು ಟೈಟಾನಿಯಂ ಬೆರೆಸಿದ್ರೆ 185 ಅಲ್ಲೇ ನಿಂತೋಗತ್ತೆ, 254 ಹೆಚ್ಚುಕಮ್ಮಿ ಆರಾಮಾಗಿ ಹೊರಗೆ ಬರತ್ತೆ. ಯುವಿ ಬಿಡೋ ಮೆತ್ತನೆ ಗಾಜಿನ ಟ್ಯೂಬೂ ಇದೆ, ಅದೂ 185ನ ನಿಲ್ಲಿಸತ್ತೆ. ಇವನ್ನೇ ಓಝೋನ್ ಫ್ರೀ ಲ್ಯಾಂಪ್ ಅಂತ ಮಾರೋದು. ಟ್ಯೂಬಿನ ತುದೀಲಿ ಪ್ರಿಂಟ್ ಆಗಿರೋ ನಂಬರ್ ಓದಿ, ತುಂಬ ಕಂಪನಿಗಳು ಕೊನೇಲಿ ಎಲ್ ಅಂತ ಹಾಕಿದ್ರೆ ಓಝೋನ್ ಕಮ್ಮಿ, ವಿಎಚ್ ಅಂತ ಹಾಕಿದ್ರೆ ಬೇಕಂತಲೇ ಓಝೋನ್ ಜಾಸ್ತಿ ಬರೋ ಹಾಗೆ ಮಾಡಿದ್ದು. ಎಲ್ಲರೂ ಹೀಗೇ ಬರೀತಾರೆ ಅಂತಲ್ಲ, ಅದಕ್ಕೆ ಡೇಟಾಶೀಟಲ್ಲಿ 185 ಹೊರಗೆ ಬರತ್ತಾ ಇಲ್ವಾ ಅಂತ ನೋಡಿ. ಡೇಟಾಶೀಟೇ ಇಲ್ಲದ ಟ್ಯೂಬ್ ಆದ್ರೆ ನಾನಂತೂ ಹಾಕಲ್ಲ.

ಮಾರಿದವರು ಹೇಳಿದ ಮಾತು ತಪ್ಪು. ಕ್ರಿಮಿ ಸತ್ತಿದ್ದಕ್ಕೂ ಆ ವಾಸನೆಗೂ ಸಂಬಂಧ ಇಲ್ಲ. ಒಳ್ಳೇ ಟ್ಯೂಬು ಆ ಚುರುಕು ವಾಸನೆ ಇಲ್ದೇನೇ ಅಷ್ಟೇ ಚೆನ್ನಾಗಿ ಕೊಲ್ಲತ್ತೆ.

ಉತ್ತರ 2

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ, ಗಾಜೇ ಮೊದಲು. ನಾನು ಗಾಳಿ ಕಡೆಯಿಂದ ಸ್ವಲ್ಪ ಸೇರಿಸ್ತೀನಿ, ಏರ್ ಹ್ಯಾಂಡ್ಲಿಂಗ್ ಕೆಲಸ ಮಾಡಿ ಅಭ್ಯಾಸ ಇದೆ.

ವಾಸನೇನ ಮೀಟರ್ ಅಂತ ನಂಬಬೇಡಿ, ಎರಡೂ ಕಡೆಗೆ ಮೋಸ ಮಾಡತ್ತೆ. ಓಝೋನ್ ವಾಸನೆ ತುಂಬ ಕಮ್ಮಿ ಇದ್ದಾಗ್ಲೇ ಮೂಗಿಗೆ ಗೊತ್ತಾಗತ್ತೆ (ಆ ಹೆಸರೇ ವಾಸನೆಯಿಂದ ಬಂದಿದ್ದು, 1840ರ ಹೊತ್ತಿಗೆ ಶೋನ್‌ಬೈನ್ ಅನ್ನೋ ಕೆಮಿಸ್ಟು ವಾಸನೆ ಬರೋದು ಅನ್ನೋ ಅರ್ಥದ ಗ್ರೀಕ್ ಪದದಿಂದ ಇಟ್ಟಿದ್ದು), ಆದ್ರೆ ಸ್ವಲ್ಪ ಹೊತ್ತು ಅಲ್ಲೇ ಇದ್ರೆ ಮೂಗು ಮರಗಟ್ಟಿ ಗೊತ್ತೇ ಆಗಲ್ಲ. ದಿನಾ ಆ ರೂಮಲ್ಲೇ ಇರೋರು "ಈಗ ವಾಸನೆ ಇಲ್ಲ" ಅಂದ್ರೆ ಅದಕ್ಕೆ ಬೆಲೆ ಕೊಡ್ಬೇಡಿ, ಹೊರಗಿಂದ ಬಂದೋರನ್ನ ಕೇಳಿ. ಇನ್ನೊಂದು ಕಡೆ, ಯುವಿ ಹಾಕಿದ ಜಾಗದಲ್ಲಿ ಬರೋ ವಾಸನೆಯೆಲ್ಲ ಓಝೋನೂ ಅಲ್ಲ. ಧೂಳು, ಉದುರಿದ ಚರ್ಮದ ಹೊಟ್ಟು, ಕೂದಲು, ಪ್ಲಾಸ್ಟಿಕ್ಕು ಇವು ಯುವಿ ಬಿದ್ದು ಒಡೆದಾಗ ಕೂದಲು ಸುಟ್ಟ ಹಾಗೆ, ಕೊಳೆತ ಈರುಳ್ಳಿ ಹಾಗೆ ಒಂಥರಾ ಗಂಧಕದ ವಾಸನೆ ಬರತ್ತೆ. ಅದು ಬೇರೆ, ಓಝೋನಿನ ಚುರುಕು ಬೇರೆ.

ಮಿತಿ ಎಷ್ಟು ಅಂದ್ರೆ, ಅಮೆರಿಕದ ಓಶಾ (ಕೆಲಸಗಾರರ ಸುರಕ್ಷತೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಪ್ರಕಾರ ಕೆಲಸದ ಜಾಗದಲ್ಲಿ 8 ಗಂಟೆ ಸರಾಸರಿ 0.1 ಪಿಪಿಎಂ (ಅಂದ್ರೆ ಹತ್ತು ಲಕ್ಷ ಪಾಲು ಗಾಳೀಲಿ 0.1 ಪಾಲು ಓಝೋನ್) ದಾಟಬಾರದು. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಬಿಗಿ, 8 ಗಂಟೆಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ, ಅಂದ್ರೆ ಸುಮಾರು 0.05 ಪಿಪಿಎಂ. ಯುಎಲ್ 2998 ಅನ್ನೋ ಸರ್ಟಿಫಿಕೇಟ್ ಇರೋ ಸಾಧನ ಆದ್ರೆ 0.005 ಪಿಪಿಎಂ ಒಳಗೇ ಇರ್ಬೇಕು, ಸಿದ್ಧ ಮಷೀನ್ ತಗೊಳ್ಳೋರು ಅದನ್ನ ನೋಡಿ ತಗೊಳ್ಳಿ. ಇವೆಲ್ಲ ಆರೋಗ್ಯವಾಗಿರೋರನ್ನೂ ಸೇರಿಸಿ ಹಾಕಿದ ಅಂಕಿ, ಆಸ್ತಮಾ ಇರೋರು ಇದ್ದಾಗ ಆದಷ್ಟೂ ಕೆಳಗೆ ಇಡೋಕೆ ನೋಡ್ಬೇಕು.

ಮೀಟರ್ ಇಲ್ದೇ ಇದ್ರೆ ಶೋನ್‌ಬೈನ್ ಕಾಲದ್ದೇ ಒಂದು ಉಪಾಯ ಇದೆ, ಪೊಟ್ಯಾಸಿಯಂ ಅಯೋಡೈಡು ಮತ್ತೆ ಸ್ಟಾರ್ಚ್ ಸವರಿದ ಕಾಗದ. ಒದ್ದೆ ಮಾಡಿ ಇಟ್ರೆ ಓಝೋನ್ ತಾಗಿ ಅಯೋಡಿನ್ ಬಿಡುಗಡೆ ಆಗತ್ತೆ, ಅದು ಸ್ಟಾರ್ಚ್ ಜೊತೆ ಸೇರಿ ಮೊದಲು ಅಂಚಲ್ಲಿ ತೆಳು ನೇರಳೆ, ಆಮೇಲೆ ಶಾಯಿ ಚೆಲ್ಲಿದ ಹಾಗೆ ನೀಲಿ. ಒಂದು ಎಚ್ಚರಿಕೆ, ಕಾಗದದ ಮೇಲೆ ಯುವಿ ಬೆಳಕು ನೇರ ಬೀಳಬಾರದು, ಬೆಳಕೇ ಅಯೋಡೈಡನ್ನ ಒಡೆದು ಬಣ್ಣ ಬರಿಸತ್ತೆ, ಆಮೇಲೆ ಓಝೋನ್ ಇಲ್ದಿದ್ರೂ ಇದೆ ಅಂತ ಹೆದರ್ಕೋತೀರ. ಪೆಟ್ಟಿಗೆ ಒಳಗಾದ್ರೆ ಒಂದು ತಗಡಿನ ಮರೆ ಮಾಡಿ ಅದರ ಹಿಂದೆ ಇಡಿ. ಇದರಿಂದ ಖಚಿತ ಪಿಪಿಎಂ ಸಿಗಲ್ಲ, ಆದ್ರೆ ಬದಲಾವಣೆ ಮಾಡೋಕೆ ಮುಂಚೆ ಹೇಗಿತ್ತು ಆಮೇಲೆ ಹೇಗಾಯ್ತು ಅಂತ ಹೋಲಿಸೋಕೆ ಚೆನ್ನಾಗಿ ಆಗತ್ತೆ.

ಫ್ಯಾನ್ ಸಾಕಾ ಅಂತ ಕೇಳಿದ್ರಿ. ಪೆಟ್ಟಿಗೆಯಿಂದ ರೂಮಿಗೆ ಊದೋ ಫ್ಯಾನ್ ಹಾಕಿದ್ರೆ ವಿಷಾನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ ಹಾಗೆ ಅಷ್ಟೇ. ಹೊರಗೆ ಬಯಲಿಗೆ ಬಿಡೋ ಪೈಪ್ ಇರ್ಬೇಕು, ಅದೂ ಯಾರ ಕಿಟಕಿಗೂ ಎದುರಿಗಿರಬಾರದು. ರೂಮಿನ ಲೆಕ್ಕ ಹೇಳ್ತೀನಿ, ಗಾಳಿ ಚೆನ್ನಾಗಿ ಬೆರೆತಿದೆ ಅಂದ್ಕೊಂಡ್ರೆ ರೂಮಿನ ಪೂರ್ತಿ ಗಾಳಿ ಮೂರು ಸಲ ಬದಲಾದ್ರೆ ಓಝೋನ್ ಸುಮಾರು 95 ಪರ್ಸೆಂಟ್ ಹೋಗತ್ತೆ. ಗಂಟೆಗೆ 6 ಸಲ ಗಾಳಿ ಬದಲಾಗೋ ರೂಮಾದ್ರೆ ಅರ್ಧ ಗಂಟೆ ಕಾಯ್ಬೇಕು, ಗಂಟೆಗೆ ಒಂದೇ ಸಲ ಬದಲಾಗೋ ಮುಚ್ಚಿದ ರೂಮಾದ್ರೆ ಮೂರು ಗಂಟೆ. ನಿಜವಾಗಿ ಇದಕ್ಕಿಂತ ಬೇಗ ಇಳಿಯತ್ತೆ, ಗೋಡೆ, ಬಟ್ಟೆ, ನಮ್ಮ ಚರ್ಮ ಎಲ್ಲವೂ ಓಝೋನನ್ನ ತಿನ್ನತ್ತೆ, ಆದ್ರೆ ಅದನ್ನ ನಂಬ್ಕೊಂಡು ಕೂರೋದು ಬೇಡ, ಹಾಗೆ ತಿಂದಾಗ ಬೇರೆ ಬೇರೆ ವಸ್ತು ಹುಟ್ಕೊಳ್ಳತ್ತೆ.

ಹೊರಗೆ ಪೈಪ್ ಬಿಡೋಕೆ ಆಗಲ್ಲ ಅಂದ್ರೆ ಆಕ್ಟಿವೇಟೆಡ್ ಕಾರ್ಬನ್ ಮೂಲಕ ಗಾಳಿ ಎಳೀಬಹುದು, ಓಝೋನ್ ಕಾರ್ಬನ್ ಜೊತೆ ಸೇರಿ ಮುಗಿದೋಗತ್ತೆ, ಕಾರ್ಬನ್ನೂ ಸವೆಯತ್ತೆ, ಆಗಾಗ ಬದಲಿಸ್ಬೇಕು. ಮ್ಯಾಂಗನೀಸ್ ಡೈಆಕ್ಸೈಡ್ ಕೆಟಲಿಸ್ಟೂ ಇದೆ, ಅದು ಸವೆಯದೆ ಓಝೋನನ್ನ ಆಕ್ಸಿಜನ್ ಮಾಡತ್ತೆ, ಆದ್ರೆ ತೇವ ಜಾಸ್ತಿ ಆದ್ರೆ ಸೋತೋಗತ್ತೆ. ಹೆಪಾ ಫಿಲ್ಟರ್ ಹಾಕಿ ದುಡ್ಡು ಕಳ್ಕೋಬೇಡಿ, ಅದು ಹಿಡಿಯೋದು ಕಣಗಳನ್ನ, ಓಝೋನ್ ಅನಿಲ, ಅದರಲ್ಲಿ ಹಾಗೇ ತೂರ್ಕೊಂಡು ಹೋಗತ್ತೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬ ಥ್ಯಾಂಕ್ಸ್. ಟ್ಯೂಬ್ ಬಿಚ್ಚಿ ನೋಡ್ದೆ, ಲೋಹದ ಟೋಪಿ ಹತ್ರ ಬೂದು ಅಕ್ಷರದಲ್ಲಿ ನಂಬರು, ಕೊನೇಲಿ ವಿಎಚ್ ಅಂತಾನೇ ಇದೆ. ಮೂರು ತಿಂಗಳಿಂದ ಕಣ್ಣೆದುರಿಗೇ ಇತ್ತು, ಅದರ ಅರ್ಥ ಗೊತ್ತಿರ್ಲಿಲ್ಲ. ಬದಲಾಯಿಸೋಕೆ ಮುಂಚೆ ಒಂದು ಅನುಮಾನ ಇದೆ, ಅದನ್ನ ಬಗೆಹರಿಸಿ. ಬೆಳಕು ನೇರ ಬಿದ್ದ ಕಡೆ ಮಾತ್ರ ಕ್ರಿಮಿ ಸಾಯತ್ತೆ, ಇಯರ್‌ಮಫ್ಫಿನ ಮಡಿಕೆ ಒಳಗೆ, ಶೀಲ್ಡಿನ ಹಿಂದೆ ಬೆಳಕು ಹೋಗಲ್ಲ, ಓಝೋನ್ ಅನಿಲ ಆದ್ದರಿಂದ ಸಂದಿಗೊಂದಿಗೂ ಹೋಗತ್ತೆ ಅಲ್ವಾ? ಹಾಗಾದ್ರೆ ಸ್ವಲ್ಪ ಓಝೋನ್ ಇದ್ರೆ ಒಳ್ಳೇದೇ ಅಲ್ವಾ?

ಉತ್ತರ 3

ಪ್ರಶ್ನೆ ಚೆನ್ನಾಗಿದೆ, ನಾನೂ ಮೊದಲು ಹೀಗೇ ಅಂದ್ಕೊಂಡಿದ್ದೆ. ಓಝೋನ್ ಕ್ರಿಮಿ ಕೊಲ್ಲತ್ತೆ ಅನ್ನೋದು ನಿಜ, ನೀರು ಶುದ್ಧ ಮಾಡೋ ಪ್ಲಾಂಟ್‌ಗಳಲ್ಲಿ ನೂರು ವರ್ಷಕ್ಕಿಂತ ಹೆಚ್ಚಾಯ್ತು ಬಳಸೋಕೆ ಶುರು ಮಾಡಿ. ಆದ್ರೆ ಗಾಳೀಲಿ ಕೊಲ್ಲೋಕೆ ಬೇಕಾದ ಪ್ರಮಾಣಕ್ಕೂ ಮನುಷ್ಯ ತಡ್ಕೊಳ್ಳೋ ಪ್ರಮಾಣಕ್ಕೂ ಹೊಂದಾಣಿಕೆ ಇಲ್ಲ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಹೇಳೋ ಪ್ರಕಾರ ಗಾಳೀಲಿರೋ ಕ್ರಿಮಿಗಳನ್ನ ಮತ್ತೆ ಬೆಳೆಯದ ಹಾಗೆ ಕೊಲ್ಬೇಕಂದ್ರೆ ಓಝೋನ್ ಆರೋಗ್ಯದ ಮಿತಿಗಿಂತ 5ರಿಂದ 10 ಪಟ್ಟು ಹೆಚ್ಚಿರ್ಬೇಕು. ವಸ್ತುಗಳ ಮೇಲ್ಮೈ ಮೇಲಿರೋದನ್ನ ಕೊಲ್ಲೋಕೆ ಜನ ಬಳಸೋ ಪ್ರಮಾಣ ಇನ್ನೂ ಜಾಸ್ತಿ, ಜೊತೆಗೆ ಗಾಳೀಲಿ ತೇವಾನೂ ಬೇಕು, ಒಣ ಗಾಳೀಲಿ ಓಝೋನ್ ಅಷ್ಟು ಕೆಲಸ ಮಾಡಲ್ಲ. 5 ಪಿಪಿಎಂ ಅಂದ್ರೆ ಜೀವಕ್ಕೇ ತಕ್ಷಣದ ಅಪಾಯ ಅಂತ ನಿಯೋಶ್ (ಕೆಲಸದ ಜಾಗದ ಆರೋಗ್ಯದ ಬಗ್ಗೆ ಸಂಶೋಧನೆ ಮಾಡೋ ಅಮೆರಿಕದ ಸಂಸ್ಥೆ) ಗುರುತು ಮಾಡಿರೋ ಮಟ್ಟ. ನಿಮ್ಮ ಪೆಟ್ಟಿಗೆ ಅದನ್ನ ತಡೆಯೋ ಹಾಗೆ ಗಾಳಿಯಾಡದಂಗೆ ಕಟ್ಟಿದ್ದಲ್ಲ, ರಬ್ಬರ್ ಪಟ್ಟಿ ಬೇರೆ ಸೀಳಿದೆ. ಇಯರ್‌ಮಫ್ಫಿನ ಫೋಮು, ಹೆಡ್‌ಬ್ಯಾಂಡಿನ ಇಲಾಸ್ಟಿಕ್ಕು ಇವನ್ನೂ ಅದು ತಿಂದು ಹಾಕತ್ತೆ. ಆಮೇಲೆ ಆ ಫೋಮು ಕಿವಿಗೆ ಒತ್ಕೊಂಡು ಹಾಕ್ಕೋತೀರಲ್ಲ, ಹೀರ್ಕೊಂಡ ವಾಸನೆ ಮೂಗಿನ ಪಕ್ಕಾನೇ ಇರತ್ತೆ.

ಇನ್ನೊಂದು ವಿಚಿತ್ರ ಗಮನಿಸಿ. ಓಝೋನ್ ಅತಿ ಹೆಚ್ಚು ಹೀರೋದು 255ರ ಹತ್ತಿರದ ಬೆಳಕನ್ನ, ಅಂದ್ರೆ ನಿಮ್ಮ 254 ಅದನ್ನ ಒಡೀತಾನೂ ಇರತ್ತೆ. ವಿಎಚ್ ಟ್ಯೂಬಲ್ಲಿ 185 ಕಟ್ತಾ ಹೋಗತ್ತೆ, 254 ಕೆಡವ್ತಾ ಹೋಗತ್ತೆ, ಒಂದು ಹಂತಕ್ಕೆ ಬಂದು ನಿಲ್ಲತ್ತೆ. ಒಡೆದಾಗ ಬರೋ ಒಂಟಿ ಆಕ್ಸಿಜನ್ ಬಹಳಷ್ಟು ಸಲ ಮತ್ತೆ ಹೋಗಿ ಅಂಟ್ಕೊಂಡು ಓಝೋನೇ ಆಗೋದ್ರಿಂದ ಕೆಡವೋ ಕೆಲಸ ನಿಧಾನ, ಅದನ್ನ ನಂಬಿ ವಿಎಚ್ ಇಟ್ಕೋಬೇಡಿ. ಆದ್ರೆ 185 ಪೂರ್ತಿ ನಿಂತಾಗ ಇದೇ 254 ಬೇರೆ ಎಲ್ಲಿಂದಾದ್ರೂ ಬಂದ ಚೂರುಪಾರು ಓಝೋನನ್ನ ಕರಗಿಸೋಕೆ ಸಹಾಯ ಮಾಡತ್ತೆ.

ಮಡಿಕೆ ಒಳಗಿನ ಸಮಸ್ಯೆಗೆ ಉತ್ತರ ಓಝೋನ್ ಅಲ್ಲ, ಬೆಳಕನ್ನ ಅಲ್ಲಿಗೆ ತಲುಪ್ಸೋದು. ಪೆಟ್ಟಿಗೆ ಒಳಗೆ ಸ್ಟೀಲ್ ಅಂದ್ರಿ, ನಮ್ಮ ಕಣ್ಣಿಗೆ ಸ್ಟೀಲು ಫಳಫಳ ಅಂದ್ರೂ 254ಕ್ಕೆ ಅದು ಮಬ್ಬು ಕನ್ನಡಿ, ಬಿದ್ದ ಬೆಳಕಲ್ಲಿ ಬಹುಪಾಲು ನುಂಗಿಬಿಡತ್ತೆ. ಪಾಲಿಶ್ ಮಾಡಿದ ಅಲ್ಯೂಮಿನಿಯಂ ತಗಡು ಒಳಗೆ ಹೊದಿಸಿ, ಬಹುಪಾಲು ವಾಪಸ್ ಎಸೆಯತ್ತೆ, ಎಲ್ಲ ಕಡೆಯಿಂದ ಬೆಳಕು ಬರತ್ತೆ. ವಸ್ತು ಇಡೋಕೆ ಹಲಗೆ ಬದಲು ತೆಳು ತಂತಿ ಜಾಲರಿ ಹಾಕಿ ಅಥವಾ ನೇತು ಹಾಕಿ. ಫೋಮ್ ಒಳಗಡೆಗೆ ಏನು ಮಾಡಿದ್ರೂ ಬೆಳಕು ಹೋಗಲ್ಲ, ಅದನ್ನ ಬಿಚ್ಚಿ ಸೋಪಲ್ಲಿ ತೊಳೀಬೇಕು ಅಥವಾ ಒಬ್ಬೊಬ್ಬರಿಗೆ ಒಂದೊಂದು ಇರ್ಬೇಕು. ಮೇಲೆ ಎಣ್ಣೆ, ಬೆವರು, ಧೂಳಿದ್ರೂ ಅಷ್ಟೇ, ಒರೆಸಿ ಆಮೇಲೆ ಒಳಗಿಡಿ.

ಬೆಳಕು ಹೆಚ್ಚಾದ್ರೆ ಹೊತ್ತು ಕಮ್ಮಿ ಸಾಕು. ಡೋಸ್ ಅಂದ್ರೆ ಬೆಳಕಿನ ತೀವ್ರತೆ ಗುಣಿಸು ಸೆಕೆಂಡು, ಒಂದು ಚದರ ಸೆಂಟಿಮೀಟರ್ ಮೇಲೆ 1 ಮಿಲಿವ್ಯಾಟ್ ಬೀಳ್ತಿದ್ರೆ 60 ಸೆಕೆಂಡಿಗೆ 60 ಮಿಲಿಜೂಲ್. ಟ್ಯೂಬ್ ಹತ್ರ ಇರೋ ಸಣ್ಣ ಪೆಟ್ಟಿಗೇಲಿ ಅರ್ಧ ಗಂಟೆ ಬಹಳ ಸಲ ಅನಗತ್ಯ. ಯುವಿ-ಸಿ (ಕ್ರಿಮಿ ಕೊಲ್ಲೋ ಚಿಕ್ಕ ತರಂಗಾಂತರದ ಯುವಿ) ಅಳೆಯೋ ಮೀಟರ್ ಯಾರದಾದ್ರೂ ಸಿಕ್ಕಿದ್ರೆ ಪೆಟ್ಟಿಗೇಲಿ ಅತಿ ಕತ್ತಲೆ ಮೂಲೇಲಿ ಅಳೆದು ಆ ಜಾಗಕ್ಕೆ ಬೇಕಾದಷ್ಟು ಹೊತ್ತು ಇಡಿ. ಪ್ಲಾಸ್ಟಿಕ್ ಶೀಲ್ಡೂ ಹಳದಿ ಆಗೋದು ತಪ್ಪತ್ತೆ.

ಉತ್ತರ 4

ಇಲ್ಲಿ ಯಾರೂ ಹೇಳದ ಒಂದು ಮೂಲ ಇದೆ, ಕಿಡಿ. ಟ್ಯೂಬಿನ ಪಿನ್ನು ಹೋಲ್ಡರಲ್ಲಿ ಸಡಿಲ ಇದ್ರೆ ಅಲ್ಲಿ ಚಿಕ್ಕ ಚಿಕ್ಕ ಕಿಡಿ ಹಾರ್ತಾ ಇರತ್ತೆ, ಅದೂ ಓಝೋನ್ ಮಾಡತ್ತೆ, ಎಂಥಾ ಒಳ್ಳೇ ಗಾಜಿದ್ರೂ ಸರಿ. ಕರೆಂಟ್ ತೆಗೆದು ಪಿನ್ ನೋಡಿ, ಕಪ್ಪಗೆ ಸುಟ್ಟ ಗುರುತಿದ್ರೆ ಹೋಲ್ಡರ್ ಬದಲಿಸಿ. ಕೆಲವು ಸಿದ್ಧ ಮಷೀನಲ್ಲಿ ಯುವಿ ಜೊತೆ ಅಯೋನೈಸರ್ ಅಂತ ಇನ್ನೊಂದು ಸೇರಿಸಿರ್ತಾರೆ, ಅದು ಹೈ ವೋಲ್ಟೇಜಲ್ಲಿ ಕೆಲಸ ಮಾಡೋದು, ಬೇಡದಿದ್ರೆ ಆಫ್ ಮಾಡಿಡಿ.

ಬೇರೆ ಲ್ಯಾಂಪ್ ಬಗ್ಗೆ ಯೋಚನೆ ಇದ್ರೆ ನನ್ನ ಅಭಿಪ್ರಾಯ ಹೇಳ್ತೀನಿ. ಯುವಿ-ಸಿ ಎಲ್ಇಡಿ ಬರೋದು 265ರಿಂದ 280ರ ಮಧ್ಯೆ, ಆ ಬೆಳಕಿಗೆ ಆಕ್ಸಿಜನ್ ಒಡೆಯೋ ಶಕ್ತಿಯೇ ಇಲ್ಲ, ಓಝೋನ್ ಪ್ರಶ್ನೆನೇ ಬರಲ್ಲ, ಪಾದರಸಾನೂ ಇಲ್ಲ, ಹಾಕಿದ ತಕ್ಷಣ ಪೂರ್ತಿ ಬೆಳಕು. ಕೊರತೆ ಏನಂದ್ರೆ ತಗೊಂಡ ಕರೆಂಟಲ್ಲಿ ಬಹುಪಾಲು ಬಿಸಿಯಾಗಿ ಹೋಗತ್ತೆ, ಬರೋ ಬೆಳಕು ಟ್ಯೂಬಿಗೆ ಹೋಲಿಸಿದ್ರೆ ಕಮ್ಮಿ, ಹಿಂದೆ ಒಳ್ಳೇ ಹೀಟ್‌ಸಿಂಕ್ ಬೇಕು. ಚಿಕ್ಕ ಡಬ್ಬಿಗಾದ್ರೆ ನಾನು ಕಣ್ಣು ಮುಚ್ಚಿ ಎಲ್ಇಡಿ ಅಂತೀನಿ, ನಿಮ್ಮದು ಬೀರು ಗಾತ್ರ ಆದ್ರೆ ಎಲ್ ಟ್ಯೂಬೇ ಸರಿ. 395, 405 ನ್ಯಾನೋಮೀಟರಿನ ನೇರಳೆ ದೀಪಗಳನ್ನ ಯುವಿ ಸ್ಟೆರಿಲೈಜರ್ ಅಂತ ಮಾರೋದು ನೋಡಿದೀನಿ, ಅದ್ರಲ್ಲಿ ಓಝೋನೂ ಬರಲ್ಲ, ಕ್ರಿಮಿ ಸಾಯೋದೂ ತುಂಬ ನಿಧಾನ. ಹಾಗಾಗಿ ವಾಸನೆ ಇಲ್ಲ ಅನ್ನೋದು ಒಂದೇ ಗುಣ ನೋಡಿ ತಗೋಬೇಡಿ.

ಜನ ಇದ್ದಾಗ್ಲೂ ಹಾಕಬಹುದು ಅಂತ ಹೇಳೋ ಫಾರ್ ಯುವಿ-ಸಿ, ಅದು 222 ನ್ಯಾನೋಮೀಟರು, ಕ್ರಿಪ್ಟಾನ್ ಕ್ಲೋರೈಡ್ ಲ್ಯಾಂಪು. ಚರ್ಮದೊಳಗೆ ಆಳಕ್ಕೆ ಹೋಗಲ್ಲ ಅನ್ನೋದು ಅದರ ದೊಡ್ಡ ಗುಣ. ಆದ್ರೆ 222 ಅಂದ್ರೆ 240ಕ್ಕಿಂತ ಕೆಳಗೆ ಬಂತು ನೋಡಿ. ಆಕ್ಸಿಜನ್ ಆ ಬೆಳಕನ್ನ ತುಂಬ ಕಮ್ಮಿ ಹೀರತ್ತೆ ನಿಜ, 185ಕ್ಕೆ ಹೋಲಿಕೇನೇ ಇಲ್ಲ, ಆದ್ರೂ ಗಾಳಿಯಾಡದ ರೂಮಲ್ಲಿ ದಿನವಿಡೀ ಉರಿದ್ರೆ ನಿಧಾನಕ್ಕೆ ಸೇರ್ತಾ ಹೋಗತ್ತೆ. ಇಲ್ಲಿ ಗಾಜು ಬದಲಿಸಿ ತಪ್ಪಿಸ್ಕೊಳ್ಳೋಕೂ ಆಗಲ್ಲ, ಕೊಲ್ಲೋ ಬೆಳಕೂ ಓಝೋನ್ ಮಾಡೋ ಬೆಳಕೂ ಒಂದೇ. ಅಂಥ ಕಡೆ ಲ್ಯಾಂಪು ಅಗತ್ಯಕ್ಕೆ ತಕ್ಕಷ್ಟೇ ಹಾಕ್ಬೇಕು, ಹೊರಗಿನ ಗಾಳಿ ಬರ್ತಾ ಇರ್ಬೇಕು. ಇನ್ನೊಂದು, ಓಝೋನ್ ಇರೋ ರೂಮಲ್ಲಿ ನಿಂಬೆ ವಾಸನೆ, ಪೈನ್ ವಾಸನೆಯ ನೆಲ ಒರೆಸೋ ಲಿಕ್ವಿಡ್ಡು, ರೂಮ್ ಫ್ರೆಶ್ನರ್ ಬಳಸ್ಬೇಡಿ. ಅದರಲ್ಲಿರೋ ಟರ್ಪೀನ್ ಜೊತೆ ಓಝೋನ್ ಸೇರಿ ಫಾರ್ಮಾಲ್ಡಿಹೈಡು ಮತ್ತೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಹುಟ್ಟತ್ತೆ. ವಾಸನೆ ಮುಚ್ಚೋಕೆ ಅಂತ ಸ್ಪ್ರೇ ಹೊಡೆಯೋರು ಇದಾರೆ, ಇದ್ದಿದ್ದಕ್ಕಿಂತ ಕೆಟ್ಟದ್ದನ್ನ ಉಸಿರಾಡ್ತಾರೆ.

ಪ್ರಶ್ನೆ ಕೇಳಿದವರು

ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳ್ಬೇಕಲ್ವಾ. ಟ್ಯೂಬ್ ಬದಲಿಸೋಕೆ ಮುಂಚೆ ಅಯೋಡೈಡ್ ಕಾಗದ ತಗಡಿನ ಮರೇಲಿ ಇಟ್ಟು ಹತ್ತು ನಿಮಿಷ ಓಡಿಸ್ದೆ, ತೆಗೆದು ನೋಡಿದ್ರೆ ಪೂರ್ತಿ ನೀಲಿ, ಅಂಚು ಕಪ್ಪಿಗೆ ತಿರುಗಿತ್ತು. ಅದನ್ನ ನೋಡಿ ನಾಲ್ಕೂ ಜನಕ್ಕೆ ಮಾತೇ ಬರ್ಲಿಲ್ಲ, ಇಷ್ಟು ದಿನ ಇದನ್ನೇ ಎಳ್ಕೊಂಡಿದೀವಲ್ಲ ಅಂತ. ಆಮೇಲೆ ಎಲ್ ಟ್ಯೂಬ್ ಎರಡು ಹಾಕಿದ್ವಿ, ಡೇಟಾಶೀಟ್ ನೋಡಿಯೇ ತಗೊಂಡಿದ್ದು. ಒಂದು ಹೋಲ್ಡರಲ್ಲಿ ಪಿನ್ ಕಪ್ಪಗಾಗಿತ್ತು, ಅದನ್ನೂ ಬದಲಿಸಿದ್ವಿ. ಒಳಗೆ ಅಲ್ಯೂಮಿನಿಯಂ ಹೊದಿಸಿ ಜಾಲರಿ ಹಾಕಿದ್ವಿ, ಮೀಟರ್ ಒಬ್ಬರು ಎರಡು ದಿನಕ್ಕೆ ಕೊಟ್ರು, ಕತ್ತಲೆ ಮೂಲೆ ಲೆಕ್ಕದಲ್ಲೂ ಎಂಟು ನಿಮಿಷ ಧಾರಾಳ ಸಾಕಾಗತ್ತೆ. ಹಳೇ ರಬ್ಬರ್ ತೆಗೆದು ಸಿಲಿಕೋನ್ ಪಟ್ಟಿ ಅಂಟಿಸಿದ್ವಿ. ಈಗ ಅದೇ ಜಾಗದಲ್ಲಿ ಅದೇ ಥರ ಹತ್ತು ನಿಮಿಷ ಕಾಗದ ಇಟ್ರೆ ಬೆಳ್ಳಗೇ ಇದೆ.

ಬಾಗಿಲು ತೆಗೆದಾಗ ಇನ್ನೂ ಒಂದು ತೆಳು ವಾಸನೆ ಇದೆ, ಚುರುಕಿಲ್ಲ, ಉಣ್ಣೆ ಬಿಸಿಗೆ ಹಿಡಿದ ಹಾಗೆ. ಮೇಲೆ ಹೇಳಿದ್ರಲ್ಲ ಧೂಳು, ಚರ್ಮದ ಹೊಟ್ಟು ಅಂತ, ಅದೇ ಇರ್ಬೇಕು, ಒರೆಸಿ ಇಟ್ಟ ದಿನ ಕಮ್ಮಿ ಇರತ್ತೆ. ನಿನ್ನೆ ಆಸ್ತಮಾ ಇರೋ ನಮ್ಮವರು ತಾವಾಗೇ ಹೋಗಿ ಬಾಗಿಲು ತೆಗೆದು ಶೀಲ್ಡ್ ತಗೊಂಡ್ರು. ನಾನು ದೂರದಿಂದ ನೋಡ್ತಾ ನಿಂತಿದ್ದೆ, ಕೆಮ್ಮು ಬರ್ಲಿಲ್ಲ.

ಹಳೇ ವಿಎಚ್ ಟ್ಯೂಬ್ ಏನು ಮಾಡ್ಲಿ? ಚೆನ್ನಾಗಿ ಉರಿಯತ್ತೆ, ಯಾರಿಗಾದ್ರೂ ಕೊಡ್ಲಾ?

ಉತ್ತರ 1

ಓದಿ ಮನಸ್ಸಿಗೆ ಸಮಾಧಾನ ಆಯ್ತು ಸರ್. ಆ ಟ್ಯೂಬ್ ಯಾರಿಗೂ ಕೊಡ್ಬೇಡಿ, ಅವರೂ ಜನ ಓಡಾಡೋ ಜಾಗದಲ್ಲೇ ಹಾಕ್ತಾರೆ. ಒಳಗೆ ಪಾದರಸ ಇದೆ, ಒಡೆದು ಕಸಕ್ಕೆ ಹಾಕೋದೂ ಬೇಡ. ಹೊಸ ಟ್ಯೂಬ್ ಬಂದ ರಟ್ಟಿನ ಡಬ್ಬೀಲೇ ಹಾಕಿ, ಮೇಲೆ ದೊಡ್ಡದಾಗಿ ವಿಎಚ್, ಪಾದರಸ ಇದೆ ಅಂತ ಬರೆದು ಹಳೇ ಟ್ಯೂಬ್‌ಲೈಟ್ ಸಂಗ್ರಹ ಮಾಡೋ ಕಡೆ ಕೊಡಿ. ಹೊಸ ಟ್ಯೂಬ್ ಹಾಕುವಾಗ ಬರಿಗೈಲಿ ಮುಟ್ಟಿದ್ರೆ ಒಂದ್ಸಲ ಆಲ್ಕೋಹಾಲ್ ಹಾಕಿದ ಬಟ್ಟೇಲಿ ಒರೆಸಿ, ಬೆರಳಿನ ಎಣ್ಣೆ 254ನ ತಡೆಯತ್ತೆ. ಹಾಕಿದ ತಾರೀಖು ಪೆಟ್ಟಿಗೆ ಮೇಲೆ ಬರೆದಿಡಿ, ನೀಲಿ ಬೆಳಕು ಹಾಗೇ ಕಾಣ್ತಿದ್ರೂ ಒಳಗಿನ ಯುವಿ ವರ್ಷ ಕಳೆದ ಹಾಗೆ ಇಳೀತಾ ಹೋಗತ್ತೆ, ಡೇಟಾಶೀಟಲ್ಲಿ ಎಷ್ಟು ಗಂಟೆ ಅಂತ ಕೊಟ್ಟಿರ್ತಾರೆ. ಮುಂದಿನ ಸಲ ಬದಲಿಸುವಾಗ್ಲೂ ತುದಿಯ ಆ ಅಕ್ಷರ ಓದೋದು ಮರೀಬೇಡಿ.